ತಾನೇ ತುಂಬಿಕೊಳ್ಳುತ್ತಿದ್ದ ಸಂಪು

ಕೋಲಾರ ತಾಲ್ಲೂಕಿನಲ್ಲಿ ನರಸಾಪುರದ ಕಡೆಗೆ ಒಂದು ಊರು. ಕೆರೆ ಏರಿ ಇಳಿದರೆ ಮೊದಲ ಸಾಲಿನಲ್ಲೇ ಆ ಮನೆ. 2023ರ ಜನವರಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಮನೆಯ ಯಜಮಾನರು ಫೋನ್ ಮಾಡಿ, "ಸಾರ್, ನಮ್ಮ ಸಂಪು ಖಾಲೀನೇ ಆಗ್ತಿಲ್ಲ. ಬೋರ್ ಹಾಕಿ ನಾಲ್ಕು ದಿನ ಆಯ್ತು, ನೀರು ಹಂಗೇ ಐತೆ" ಎಂದರು.

ಸಂಪಿನಲ್ಲಿ ನೀರು ನಿಲ್ಲುತ್ತಿಲ್ಲ ಎಂದು ಕರೆಯುವವರು ಬೇಕಾದಷ್ಟು ಮಂದಿ. ನೀರು ಇಳಿಯುತ್ತಿಲ್ಲ ಎಂದು ನನ್ನನ್ನು ಕರೆದವರು ಇವರೇ ಮೊದಲು. ಹೋಗಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟಾಗ ಗೋಡೆಯ ಮೇಲೆ ಬೆಳ್ಳಗೆ ಉಪ್ಪು ಹೂಬಿಟ್ಟಿತ್ತು, ಅಲ್ಲಲ್ಲಿ ಹೊಸ ಪ್ಲಾಸ್ಟರಿಂಗ್ ಹಪ್ಪಳದಂತೆ ಎದ್ದಿತ್ತು. ಸೋರಿಕೆ ಇತ್ತು, ಆದರೆ ಒಳಗಿನಿಂದ ಹೊರಕ್ಕಲ್ಲ. ಹೊರಗಿನ ನೀರು ಒಳಕ್ಕೆ ಬರುತ್ತಿತ್ತು.

ಮನೆಯ ಅಜ್ಜಿಗೆ ಇದು ಗಂಗಮ್ಮನ ಕೃಪೆ. "ಇಪ್ಪತ್ತು ವರ್ಷ ಟ್ಯಾಂಕರ್ ಕಾದೋರು ನಾವು. ಈಗ ತಾಯಿ ತಾನಾಗೇ ಬಂದವ್ಳೆ, ಯಾಕಪ್ಪಾ ಬೇಡ ಅಂತೀಯ?" ಎಂದರು. ನಾನೂ ಈ ಜಿಲ್ಲೆಯವನೇ. ಬೇಸಿಗೆ ರಜೆ ಎಂದರೆ ಕೊಡ ಹಿಡಿದು ಸಾಲಿನಲ್ಲಿ ನಿಂತದ್ದೇ ನೆನಪು. ಅಜ್ಜಿಯ ಮಾತಿಗೆ ಎದುರು ಹೇಳಲು ಬಾಯಿ ಬರಲಿಲ್ಲ. ಆದರೆ ಸೊಸೆಗೆ ಅನುಮಾನ ಹುಟ್ಟಿ ತಿಂಗಳಾಗಿತ್ತು. ಬೆಳಗಿನ ಹೊತ್ತು ನೀರಿಗೆ ಏನೋ ವಾಸನೆ. ಹಾಲಿನ ಕ್ಯಾನ್ ತೊಳೆದಿಟ್ಟರೂ ಹಾಲು ಬೇಗ ಹುಳಿಯುತ್ತಿತ್ತು. ಮಗುವಿಗೆ ಎರಡು ಸಲ ಹೊಟ್ಟೆ ಕೆಟ್ಟಿತ್ತು. ಆಕೆಯೇ ಬಾಟಲಿಯಲ್ಲಿ ನೀರು ತುಂಬಿಸಿ ಪರೀಕ್ಷೆಗೆ ಕಳಿಸಿದ್ದರು, ವರದಿಯಲ್ಲಿ ಕೋಲಿಫಾರ್ಮ್ ಇತ್ತು, ಅಂದರೆ ನೀರಿಗೆ ಕೊಳಕು ಸೇರಿದೆ ಎಂದು ಸೂಚಿಸುವ ಬ್ಯಾಕ್ಟೀರಿಯಾ. ಕುಡಿಯುವ ನೀರಿನ ಐಎಸ್ 10500 ಮಾನದಂಡದ ಪ್ರಕಾರ 100 ಮಿಲಿ ನೀರಿನಲ್ಲಿ ಅದು ಒಂದೂ ಇರಕೂಡದು.

ಬರಗಾಲದ ಲೆಕ್ಕದಲ್ಲಿ ಕಟ್ಟಿದ್ದು

ಈ ಸಂಪು ಕಟ್ಟಿದ್ದು 2012ರಲ್ಲಿ. ಆಗ ಈ ಊರಿನ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿದ್ದವು. ಮನೆಯ ಹಿಂದಿನ ತೆರೆದ ಬಾವಿ ಒಣಗಿ, ಅದರಲ್ಲಿ ಕಸ ತುಂಬಿತ್ತು. ನೆಲದಡಿಯಿಂದ ನೀರು ಬಂದು ಸಂಪನ್ನು ಒತ್ತೀತು ಎಂದು ಯಾವ ಮೇಸ್ತ್ರಿ ತಾನೇ ಯೋಚಿಸಿಯಾನು? ಗುಂಡಿ ತೋಡಿ, 150 ಮಿಲಿಮೀಟರ್ ದಪ್ಪಕ್ಕೆ ಕಾಂಕ್ರೀಟ್ ಗೋಡೆ ಎಬ್ಬಿಸಿ, ಒಳಗೆ ಮಾತ್ರ ಗಾರೆ ಬಳಿದು ಮುಗಿಸಿದ್ದರು. ಹೊರಮೈಗೆ ಏನೂ ಇಲ್ಲ, ಬರೀ ಮಣ್ಣು.

2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೋಲಾರಕ್ಕೆ ಬಂತು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ದಿನಕ್ಕೆ 440 ದಶಲಕ್ಷ ಲೀಟರ್ ತಂದು 126 ಕೆರೆ ತುಂಬಿಸುವುದು ಯೋಜನೆಯ ಗುರಿ. ನರಸಾಪುರದ ಕೆರೆ ಮೊದಲು ತುಂಬಿದವುಗಳಲ್ಲಿ ಒಂದು. ಆಮೇಲೆ 2021ರ ನವೆಂಬರ್ ಮಳೆಗೆ ಜಿಲ್ಲೆಯ ಎಷ್ಟೋ ಕೆರೆಗಳು ವರ್ಷಗಳ ನಂತರ ಕೋಡಿ ಹರಿದವು. ನಮ್ಮ ಕಡೆ ಆಳದಲ್ಲಿ ಗಟ್ಟಿ ಕಲ್ಲು, ಅದರ ಮೇಲೆ ಪುಡಿಯಾದ ಕಲ್ಲು-ಮಣ್ಣಿನ ಪದರ. ಕೆರೆ ತುಂಬಿದರೆ ಏರಿ ಕೆಳಗಿನ ಆ ಪದರ ಸ್ಪಂಜಿನಂತೆ ನೀರು ಹೀರಿಕೊಂಡು ನಿಲ್ಲುತ್ತದೆ. ಕಸ ತುಂಬಿದ್ದ ಬಾವಿಯಲ್ಲೂ ನೀರು ಕಂಡಿತು.

ಇಲ್ಲೊಂದು ಮಾತು ಹೇಳಲೇಬೇಕು. ಕೋಲಿಫಾರ್ಮ್ ಎಂದ ಕೂಡಲೇ ಮನೆಯವರು ಕೆರೆ ನೀರಿನ ಕಡೆ ಬೊಟ್ಟು ಮಾಡಿದರು. ಆದರೆ ಸಂಪಿನಿಂದ ಐದು ಮೀಟರ್ ದೂರದಲ್ಲೇ ದನದ ಕೊಟ್ಟಿಗೆ, ಅದರ ಪಕ್ಕದಲ್ಲಿ ಗಂಜಲದ ಗುಂಡಿ, ಆಚೆಗೆ ಬಚ್ಚಲ ನೀರಿನ ಇಂಗುಗುಂಡಿ. ನೆಲದ ನೀರು ಮೇಲೇರಿದಾಗ ಇವೆಲ್ಲ ಸೇರಿಯೇ ಏರುತ್ತವೆ. ಕೆರೆಯನ್ನು ದೂರುವ ಮೊದಲು ನಮ್ಮ ಅಂಗಳ ನೋಡಿಕೊಳ್ಳಬೇಕು ಎಂದೆ. ಗಂಜಲದ ಗುಂಡಿಯನ್ನು ಆ ವಾರವೇ ಹೊಲದ ಅಂಚಿಗೆ ಸಾಗಿಸಿದರು.

ನೀರು ಎಲ್ಲಿಂದ ಬರುತ್ತಿದೆ ಎಂಬುದಕ್ಕೆ ಊಹೆ ಸಾಲದು. ಸಂಪಿಗೆ ಬರುವ ಬೋರ್ ಪೈಪನ್ನು ಮುಚ್ಚಿಸಿ ಎರಡು ದಿನ ಬಿಟ್ಟೆವು. ಒಳಗಿನ ನೀರು ಸಂಪಿನ ತಳದಿಂದ 1.2 ಮೀಟರ್ ಎತ್ತರಕ್ಕೆ ಏರಿ ನಿಂತುಬಿಟ್ಟಿತು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ, ನೀರು ತುಂಬಿದ ಲೆವೆಲ್ ಪೈಪ್ ತಂದು ಬಾವಿಯ ನೀರಿನ ಮಟ್ಟವನ್ನು ಸಂಪಿನ ಬಾಯಿಗೆ ಒಯ್ದು ಅಳೆದರೆ, ಎರಡೂ ಒಂದೇ ಗೆರೆ. ಬೆರಳಗಲದ ವ್ಯತ್ಯಾಸವೂ ಇರಲಿಲ್ಲ. ಅಂದರೆ ಸಂಪು ಮತ್ತು ಬಾವಿ ನೆಲದಡಿಯಲ್ಲಿ ಒಂದೇ ನೀರಾಗಿದ್ದವು.

ಮಾರನೇ ಸಂಜೆ ಏಳಕ್ಕೆ ಸಂಪು ಪೂರ್ತಿ ಖಾಲಿ ಮಾಡಿಸಿ, ಬೆಳಗ್ಗೆ ಏಳಕ್ಕೆ ಮತ್ತೆ ಅಳತೆಪಟ್ಟಿ ಇಟ್ಟೆ. 22 ಮಿಲಿಮೀಟರ್. ಸಂಪಿನ ಒಳ ಅಳತೆ 3 ಮೀಟರ್‌ಗೆ 2.4 ಮೀಟರ್, ಆಳ 2.1 ಮೀಟರ್. ಲೆಕ್ಕ ಹಾಕಿದರೆ ಒಂದು ರಾತ್ರಿಯಲ್ಲಿ 158 ಲೀಟರ್, ಸುಮಾರು ಹತ್ತು ಕೊಡ.

ಒಳಗೆ ಬಳಿದದ್ದೆಲ್ಲ ಯಾಕೆ ಎದ್ದು ಬಂತು

ನನಗಿಂತ ಮುಂಚೆ ಇಬ್ಬರು ಕೈಹಾಕಿದ್ದರು. ಒಬ್ಬರು ವಾಟರ್‌ಪ್ರೂಫ್ ದ್ರಾವಣ ಬೆರೆಸಿದ ಸಿಮೆಂಟ್ ಗಾರೆ ಬಳಿದಿದ್ದರು. ಇನ್ನೊಬ್ಬರು ಅದರ ಮೇಲೆ ಎಪಾಕ್ಸಿ ಬಣ್ಣ ಹೊಡೆದಿದ್ದರು. ಎರಡೂ ಆರು ತಿಂಗಳಿಗೆ ಗುಳ್ಳೆ ಎದ್ದು ಉದುರಿದವು. ಅವರು ಕೆಲಸ ಕೆಡಿಸಿದರು ಎಂದು ನಾನು ಹೇಳುವುದಿಲ್ಲ. ನೀರು ಒಳಗಿದ್ದು ಗೋಡೆಯನ್ನು ಹೊರಕ್ಕೆ ಒತ್ತುವಾಗ, ಬಳಿದ ಪದರವನ್ನೂ ಗೋಡೆಗೇ ಒತ್ತಿ ಹಿಡಿಯುತ್ತದೆ. ಇಲ್ಲಿ ನೀರು ಬೆನ್ನ ಹಿಂದಿನಿಂದ ಬರುತ್ತದೆ. 1.2 ಮೀಟರ್ ನೀರೆಂದರೆ ಸಂಪಿನ ತಳದ ಮಟ್ಟದಲ್ಲಿ ಪ್ರತಿ ಚದರ ಮೀಟರಿಗೆ 1,200 ಕಿಲೋ ಒತ್ತಡ. ಮೇಲ್ಮೈಗೆ ಬರೀ ಅಂಟಿಕೊಂಡ ಪದರ ಆ ಒತ್ತಡಕ್ಕೆ ಇಂದಲ್ಲ ನಾಳೆ ಬಿಟ್ಟುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಸರಿಯಾದ ದಾರಿ ಎಂದರೆ ಹೊರಗಿನಿಂದ ಅಗೆದು ಹೊರಮೈಗೆ ರಕ್ಷಣೆ ಕೊಡುವುದು. ಆದರೆ ಒಂದು ಕಡೆ ಕಾಂಪೌಂಡ್ ಗೋಡೆ, ಇನ್ನೊಂದು ಕಡೆ ಮನೆಯ ತಳಪಾಯ, ಮೂರನೇ ಕಡೆ ಅಜ್ಜಿಯ ಗಂಡ ನೆಟ್ಟ ತೆಂಗಿನ ಮರ. ಅಗೆಯುವ ಮಾತೇ ಇರಲಿಲ್ಲ. ಹಾಗಾಗಿ ಗೋಡೆಯ ಮೇಲೆ ಕೂರುವ ವಸ್ತು ಬೇಡ, ಗೋಡೆಯ ಒಳಗೇ ಹೋಗಿ ಗೋಡೆಯಾಗಿಬಿಡುವ ವಸ್ತು ಬೇಕು ಎಂದು ತೀರ್ಮಾನಿಸಿದೆ. ಕ್ರಿಸ್ಟಲೈನ್ ವಾಟರ್‌ಪ್ರೂಫಿಂಗ್ ಪುಡಿಯ ಗುಣವೇ ಅದು.

ಇದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಎಲೆ ಅಡಿಕೆಯ ಸುಣ್ಣವನ್ನು ನೆನಪಿಸಿಕೊಂಡರೆ ಸಾಕು. ಸಿಮೆಂಟಿಗೆ ನೀರು ಬಿದ್ದಾಗ ಮುಖ್ಯವಾಗಿ ಎರಡು ಪದಾರ್ಥ ಹುಟ್ಟುತ್ತವೆ. ಒಂದು, ಜಲ್ಲಿ ಮರಳನ್ನು ಕಚ್ಚಿ ಹಿಡಿಯುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟ್ ಎಂಬ ಅಂಟು. ಇನ್ನೊಂದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಅಜ್ಜಿಯ ಎಲೆಚೀಲದಲ್ಲಿರುವ ಅದೇ ಸುಣ್ಣ. ಗಟ್ಟಿಯಾದ ಸಿಮೆಂಟಿನಲ್ಲಿ ಇದರ ಪಾಲು ಐದರಲ್ಲೊಂದರಿಂದ ನಾಲ್ಕರಲ್ಲೊಂದು ಭಾಗದವರೆಗೆ ಇರುತ್ತದೆ. ಸಿಮೆಂಟಿನ ರಾಸಾಯನಿಕ ಕ್ರಿಯೆಗೆ ಅದರ ತೂಕದ ಸುಮಾರು ಕಾಲು ಭಾಗ ನೀರು ಸಾಕು. ಸೈಟಿನಲ್ಲಿ ಕಲಸಲು ಸಲೀಸಾಗಲೆಂದು ಅರ್ಧಕ್ಕೂ ಹೆಚ್ಚು ಸುರಿಯುತ್ತಾರೆ. ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ಕೊಳವೆಗಳ ಜಾಲ ಉಳಿಯುತ್ತದೆ. ನೀರು ನುಸುಳುವುದು ಅಲ್ಲಿಂದಲೇ.

ಈ ಪುಡಿಯಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟ್, ನುಣುಪಾದ ಸಿಲಿಕಾ ಮರಳು ಮತ್ತು ತಯಾರಕರು ಗುಟ್ಟಾಗಿಟ್ಟುಕೊಳ್ಳುವ ಕೆಲವು ರಾಸಾಯನಿಕಗಳು ಇರುತ್ತವೆ. ಒದ್ದೆ ಗೋಡೆಗೆ ಬಳಿದರೆ ಆ ರಾಸಾಯನಿಕಗಳು ನೀರಿನ ಮೂಲಕ ಕೊಳವೆಗಳೊಳಗೆ ಇಳಿದು, ಅಲ್ಲಿನ ಸುಣ್ಣದ ಜೊತೆಗೂ ಇನ್ನೂ ಅರಳದೆ ಉಳಿದ ಸಿಮೆಂಟ್ ಕಣಗಳ ಜೊತೆಗೂ ಸೇರಿ, ನೀರಿನಲ್ಲಿ ಕರಗದ ಹರಳುಗಳನ್ನು ಬೆಳೆಸುತ್ತವೆ. ಸೂಜಿಯಂಥ ಹರಳುಗಳು ಅಡ್ಡಡ್ಡ ಬೆಳೆದು ದಾರಿ ಮುಚ್ಚುತ್ತವೆ. ನೀರು ಬರುವುದು ನಿಂತರೆ ಕ್ರಿಯೆಯೂ ನಿಲ್ಲುತ್ತದೆ. ವರ್ಷಗಳ ನಂತರ ಹೊಸ ಬಿರುಕು ಬಿಟ್ಟು ಮತ್ತೆ ನೀರು ಬಂದರೆ ಅದು ಮತ್ತೆ ಶುರುವಾಗುತ್ತದೆ. "ತಾನೇ ಮಾಗುವ ಕಾಂಕ್ರೀಟ್" ಎನ್ನುವುದು ಇದಕ್ಕೇ. 1940ರ ದಶಕದಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದ ಈ ವಿದ್ಯೆಯಲ್ಲಿ ಬಳಿಯುವ ಪುಡಿಯೂ ಇದೆ, ಹೊಸ ಕಾಂಕ್ರೀಟಿಗೆ ಕಲಸುವಾಗಲೇ ಹಾಕುವ ಪುಡಿಯೂ ಇದೆ.

ನಮ್ಮ ಹಳೆಯ ಗಾರೆಯಲ್ಲೂ ಈ ಗುಣ ಇತ್ತು. ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಕಟ್ಟಿದ ಕಲ್ಯಾಣಿಗಳಲ್ಲಿ ಸಣ್ಣ ಬಿರುಕನ್ನು ಸುಣ್ಣವೇ ಕರಗಿ ಹರಿದು ಮತ್ತೆ ಗಟ್ಟಿಯಾಗಿ ಮುಚ್ಚಿಕೊಳ್ಳುತ್ತದೆ. ರೋಮನ್ನರ ಕಾಂಕ್ರೀಟಿನ ಬಿಳಿ ಸುಣ್ಣದ ಉಂಡೆಗಳು ಬಿರುಕು ಮುಚ್ಚುತ್ತವೆಂದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಅಡ್ಮೀರ್ ಮಾಸಿಚ್ ಮತ್ತು ಸಂಗಡಿಗರು ತೋರಿಸಿದ್ದು ಇದೇ 2023ರ ಜನವರಿಯಲ್ಲಿ. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ವಾರವೇ ನನಗೆ ಈ ಸಂಪಿನ ಕರೆ ಬಂದದ್ದು. ಹಾಲೆಂಡಿನ ಡೆಲ್ಫ್ಟ್‌ನಲ್ಲಿ ಹೆಂಕ್ ಯಾಂಕರ್ಸ್ ಬ್ಯಾಕ್ಟೀರಿಯಾ ಬೆರೆಸಿ ಮಾಡಿದ ಕಾಂಕ್ರೀಟ್ ಬೇರೆ ಜಾತಿಯದು. ಹಳೆಯ ಸಂಪಿಗೆ ಅದರ ಯೋಚನೆ ಮಾಡಲಿಲ್ಲ.

ಬಿರುಕುಗಳ ಲೆಕ್ಕ

ಪುಡಿ ತರುವ ಮೊದಲು ಮೂರು ವಿಷಯ ಖಾತ್ರಿ ಆಗಬೇಕಿತ್ತು.

ಮೊದಲನೆಯದು, ಗೋಡೆ ನಿಜಕ್ಕೂ ಕಾಂಕ್ರೀಟೇ? ನಮ್ಮ ಕಡೆ ಸೈಜ್ ಕಲ್ಲಿನಲ್ಲೋ ಇಟ್ಟಿಗೆಯಲ್ಲೋ ಕಟ್ಟಿ, ಒಳಗೆ ಗಾರೆ ಬಳಿದು, ಮೇಲೆ ಚಪ್ಪಡಿ ಹಾಸಿದ ಸಂಪುಗಳೇ ಹೆಚ್ಚು. ಕಲ್ಲಿನಲ್ಲಿ, ಇಟ್ಟಿಗೆಯಲ್ಲಿ ಸುಣ್ಣ ಎಲ್ಲಿಂದ ಬರಬೇಕು? ಅಲ್ಲಿಗೆ ಈ ಪುಡಿ ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆ. ಇಲ್ಲಿ ಪ್ಲಾಸ್ಟರ್ ಕೆತ್ತಿಸಿ ನೋಡಿದೆ, ಕಾಂಕ್ರೀಟೇ ಇತ್ತು. ಸಿಮೆಂಟ್, ಮರಳು, ಜಲ್ಲಿ 1:2:4ರ ಮಾಮೂಲಿ ಮಿಶ್ರಣ. ನೀರು ಹಿಡಿಯುವ ಕಟ್ಟಡಗಳ ಐಎಸ್ 3370 ಮಾನದಂಡ ಕೇಳುವ ಎಂ30 ಎಂಬ ಗಟ್ಟಿ ದರ್ಜೆಯ ಹತ್ತಿರಕ್ಕೂ ಬಾರದ್ದು, ಆದರೂ ಕಾಂಕ್ರೀಟು.

ಎರಡನೆಯದು, ಅದರಲ್ಲಿ ಸುಣ್ಣ ಉಳಿದಿದೆಯೇ? ಗೋಡೆಯಿಂದ ಅಂಗೈಯಷ್ಟು ಚೂರು ಎಬ್ಬಿಸಿ, ಬಿಸಿಲಿಗೆ ತಂದು, ಹೊಸದಾಗಿ ಒಡೆದ ಮೈಗೆ, ಸುಣ್ಣ ಇದ್ದರೆ ಕೆಂಪಗೆ ತಿರುಗುವ ಫಿನಾಲ್ಫ್ಥಲೀನ್ ದ್ರಾವಣ ಸಿಂಪಡಿಸಿದೆ. ಸುತ್ತ ಮನೆಯವರೆಲ್ಲ ನಿಂತಿದ್ದರು. ಕಣ್ಣೆದುರೇ ಬೂದು ಕಾಂಕ್ರೀಟು ಬೀಟ್‌ರೂಟ್ ರಸದ ಬಣ್ಣಕ್ಕೆ ತಿರುಗಿತು. ಅಂಚಿನ ಎಂಟು ಮಿಲಿಮೀಟರ್ ಮಾತ್ರ ಬೂದಾಗಿಯೇ ಉಳಿಯಿತು, ಅಷ್ಟರಲ್ಲಿ ಸುಣ್ಣ ಗಾಳಿಗೆ ಸತ್ತಿತ್ತು. ಉಳಿದದ್ದೆಲ್ಲ ಜೀವಂತ. ಶಾಲೆಗೆ ಹೋಗುವ ಹುಡುಗಿ ಆ ಚೂರನ್ನು ಕೇಳಿ ತೆಗೆದುಕೊಂಡಳು.

ಮೂರನೆಯದು ಬಿರುಕಿನ ಅಗಲ. ಪಾರದರ್ಶಕ ಅಳತೆ ಕಾರ್ಡ್ ಇಟ್ಟು ಒಂದೊಂದನ್ನೂ ನೋಡಿದೆ. ಉದ್ದದ ಗೋಡೆಯಲ್ಲಿ 0.2, 0.3 ಮಿಲಿಮೀಟರಿನ ಗೀರುಗಳು. ನಡುಮಧ್ಯದಲ್ಲಿ ಒಂದು ನೇರ ಬಿರುಕು 0.6. ಕ್ರಿಸ್ಟಲೈನ್ ವಸ್ತು 0.4 ಮಿಲಿಮೀಟರ್ ತನಕದ ಬಿರುಕನ್ನು ಮಾಗಿಸುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಬರೀ ಕಾಂಕ್ರೀಟ್ ತನ್ನಷ್ಟಕ್ಕೇ ಮಾಗಿಸಿಕೊಳ್ಳುವುದು 0.1ರಿಂದ 0.2ರ ಆಸುಪಾಸು. ಆದ್ದರಿಂದ 0.6ರ ಬಿರುಕನ್ನು ಪುಡಿಯ ಪಾಲಿಗೆ ಬಿಡುವಂತಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ನೆಲವೂ ಗೋಡೆಯೂ ಸೇರುವ ಸಂದು. ಹತ್ತು ವರ್ಷದ ಹಿಂದೆ ಒಂದು ದಿನ ನೆಲ ಹಾಕಿ, ಮಾರನೇ ದಿನ ಅದರ ಮೇಲೆ ಗೋಡೆ ಎಬ್ಬಿಸಿದ್ದರು. ನಡುವೆ ನೀರು ನುಸುಳದಂತೆ ತಡೆಯುವ ವಾಟರ್ ಸ್ಟಾಪ್ ಪಟ್ಟಿ ಇಲ್ಲ, ಕೆರೆದು ಒರಟು ಮಾಡಿದ್ದೂ ಇಲ್ಲ. ರಾತ್ರಿಯ ಹತ್ತು ಕೊಡದಲ್ಲಿ ಹೆಚ್ಚಿನದು ಅಲ್ಲಿಂದಲೇ ಬರುತ್ತಿತ್ತು. ಬೆರಳಿಟ್ಟರೆ ತಣ್ಣಗೆ ಹರಿಯುವುದು ಗೊತ್ತಾಗುತ್ತಿತ್ತು.

ಕೆಲಸದ ಎಂಟು ದಿನ

ಸಂಪಿನೊಳಗೆ ಇಳಿಯುವ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಮುಚ್ಚಿದ ಸಂಪಿನಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಒಬ್ಬ ಬಿದ್ದನೆಂದು ಇನ್ನೊಬ್ಬ ಇಳಿದು, ಇಬ್ಬರೂ ಹೋಗುತ್ತಾರೆ. ಒಂದು ಹಗಲು ಪೂರ್ತಿ ಮುಚ್ಚಳ ತೆಗೆದಿಟ್ಟು, ಪೈಪ್ ಇಳಿಬಿಟ್ಟು ಬ್ಲೋವರ್‌ನಿಂದ ಗಾಳಿ ಊದಿದೆವು. ಇಳಿದವನ ಸೊಂಟಕ್ಕೆ ಹಗ್ಗ, ಮೇಲೆ ಒಬ್ಬ ಸದಾ ಹಾಜರು, ಒಳಗೆ ಬ್ಯಾಟರಿ ದೀಪ ಮಾತ್ರ. ಕೆಲಸಗಾರರು ಮೊದಲು ಗೊಣಗಿದರು, ಆಮೇಲೆ ಒಪ್ಪಿದರು.

ಹಳೆಯ ಗಾರೆ, ಎಪಾಕ್ಸಿ ಎಲ್ಲವನ್ನೂ ಕೆತ್ತಿ ತೆಗೆಯಲು ಮೂರು ದಿನ ಹಿಡಿಯಿತು. ಮನೆಯವರಿಗೆ ಇದು ದಂಡದ ಕೆಲಸ ಎನಿಸಿತು, "ಅದರ ಮೇಲೇ ಬಳಿದ್ರೆ ಆಗಲ್ವಾ ಸಾರ್?" ಎಂದರು. ಆಗುವುದಿಲ್ಲ. ಪುಡಿಗೆ ಕಾಂಕ್ರೀಟಿನ ಬಾಯಿ ತೆರೆದಿರಬೇಕು. ಬಣ್ಣ ಮುಚ್ಚಿದ ಗೋಡೆ ಬಾಯಿ ಹೊಲಿದ ಚೀಲದಂತೆ, ಒಳಗೇನೂ ಹೋಗದು. ತಂತಿ ಬ್ರಷ್ ಹಾಕಿ ಉಜ್ಜಿ, ಜೋರು ನೀರು ಹೊಡೆದು, ಜಲ್ಲಿಯ ತುದಿ ಕಾಣುವವರೆಗೆ ಬಿಡಿಸಿದೆವು. ಪುಡಿಗಿಂತ ಕೂಲಿಗೇ ಹೆಚ್ಚು ಖರ್ಚಾದದ್ದು ಇದರಿಂದ, ಮತ್ತು ಖರ್ಚು ಆಗಬೇಕಿದ್ದೂ ಇಲ್ಲೇ.

ಆಮೇಲೆ ಹರಿಯುವ ನೀರನ್ನು ಕಟ್ಟಬೇಕು. ಹರಿಯುತ್ತಿರುವ ಜಾಗಕ್ಕೆ ಬಳಿದರೆ ಪುಡಿ ತೊಳೆದುಹೋಗುತ್ತದೆ. ಹಿಂದಿನ ಬಾವಿಗೆ ಮೋಟರ್ ಇಳಿಸಿ ಹಗಲು ರಾತ್ರಿ ನೀರೆತ್ತಿ ತೋಟಕ್ಕೆ ಬಿಟ್ಟೆವು, ಸುತ್ತಲ ಮಟ್ಟ ಒಂದಿಷ್ಟು ಇಳಿಯಲಿ ಎಂದು. 0.6ರ ಬಿರುಕನ್ನೂ ತಳದ ಸಂದನ್ನೂ 25 ಮಿಲಿಮೀಟರ್ ಅಗಲ, 35 ಮಿಲಿಮೀಟರ್ ಆಳಕ್ಕೆ ಕೊರೆದು ತೆಗೆದೆವು. ಬಾಯಿ ಅಗಲ, ತಳ ಕಿರಿದು ಎಂಬಂತೆ ವಿ ಆಕಾರದಲ್ಲಿ ಕೊರೆದರೆ ತುಂಬಿದ್ದು ಹೊರಕ್ಕೆ ಜಾರುತ್ತದೆ. ಬಾಯಿ, ತಳ ಒಂದೇ ಅಗಲ ಇರಬೇಕು. ಸಂದಿನ ಅತಿ ತಗ್ಗಿನ ಜಾಗದಲ್ಲಿ ಅರ್ಧ ಇಂಚಿನ ಪೈಪ್ ತುಂಡು ಸಿಕ್ಕಿಸಿ ಬರುವ ನೀರೆಲ್ಲ ಅದರಲ್ಲೇ ಬರುವಂತೆ ಮಾಡಿ, ಉಳಿದ ಕಡೆ ಮೇಲಿನಿಂದ ಕೆಳಕ್ಕೆ ಬೇಗ ಗಟ್ಟಿಯಾಗುವ ಸಿಮೆಂಟಿನಿಂದ ಮುಚ್ಚುತ್ತ ಬಂದೆವು. ಆ ಸಿಮೆಂಟನ್ನು ಕೈಯಲ್ಲಿ ಉಂಡೆ ಮಾಡಿ, ಅಂಗೈಗೆ ಬಿಸಿ ತಾಗುತ್ತಿದ್ದಂತೆ ಒತ್ತಿ, ಒಂದು ನಿಮಿಷ ಅಲುಗದೆ ಹಿಡಿಯಬೇಕು. ಬಿಸಿ ಬರುವ ಮೊದಲೇ ಒತ್ತಿದರೆ ಕೊಚ್ಚಿಹೋಗುತ್ತದೆ, ತಡವಾದರೆ ಅಂಟುವುದಿಲ್ಲ. ನಮ್ಮ ಮೇಸ್ತ್ರಿ ಇದನ್ನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದರು. ನಿಜಕ್ಕೂ ಕಣ್ಣು ಮುಚ್ಚಿಯೇ, ಅಂಗೈಯ ಶಾಖದ ಮೇಲೆ ಗಮನವಿಟ್ಟು. ಆಮೇಲೆ ಕೊರೆದ ಜಾಡಿಗೆ ಕ್ರಿಸ್ಟಲೈನ್ ಪುಡಿಯನ್ನೇ ಆರಕ್ಕೆ ಒಂದು ಪಾಲು ನೀರು ಹಾಕಿ ಗಟ್ಟಿಯಾಗಿ ಕಲಸಿ, ಮರದ ತುಂಡಿಟ್ಟು ಸುತ್ತಿಗೆಯಿಂದ ಬಡಿದು ತುಂಬಿದೆವು. ಕೊನೆಗೆ ಆ ಪೈಪ್ ತುಂಡು ಕಿತ್ತು ಅದರ ಕಣ್ಣನ್ನೂ ಮುಚ್ಚಿದೆವು. ಆ ರಾತ್ರಿ ಬಾವಿಯ ಮೋಟರ್ ನಿಲ್ಲಿಸಿ ಅಳೆದರೆ 3 ಮಿಲಿಮೀಟರ್, 22 ಲೀಟರ್. ಪುಡಿ ಬಳಿಯುವ ಮೊದಲೇ ಸೋರಿಕೆ ಏಳರಲ್ಲೊಂದು ಪಾಲಿಗೆ ಇಳಿದಿತ್ತು. ಆ ಯಶಸ್ಸು ಕೈಕೆಲಸದ್ದು, ಪುಡಿಯದ್ದಲ್ಲ. ಇದನ್ನು ಬಿಡಿಸಿ ಹೇಳದಿದ್ದರೆ ಮುಂದಿನವರು ಬರೀ ಚೀಲ ತಂದು ಬಳಿದು ಮೋಸಹೋಗುತ್ತಾರೆ.

ಗೋಡೆ ನೆಲ ಸೇರಿ ಸುಮಾರು 30 ಚದರ ಮೀಟರ್. ಒಂದು ಕೋಟ್ ಬಳಿಯಲು ಚದರ ಮೀಟರಿಗೆ 0.8 ಕಿಲೋದಂತೆ ಎರಡು ಕೋಟ್‌ಗೆ 48 ಕಿಲೋ. 25 ಕಿಲೋದ ಎರಡು ಡಬ್ಬ ಸಾಕಾದವು. ಕುಡಿಯುವ ನೀರಿನ ಸಂಪಾದ್ದರಿಂದ ಕುಡಿಯುವ ನೀರಿಗೆ ತಾಗಿದರೂ ಸುರಕ್ಷಿತ ಎನ್ನುವ ಎನ್‌ಎಸ್‌ಎಫ್ 61 ಪ್ರಮಾಣಪತ್ರ ಇರುವ ವಸ್ತುವನ್ನೇ ಕೇಳಿ ತರಿಸಿದ್ದೆ. ಐದು ಪಾಲು ಪುಡಿಗೆ ಎರಡು ಪಾಲು ನೀರು, ಇಪ್ಪತ್ತು ನಿಮಿಷದಲ್ಲಿ ಮುಗಿಯುವಷ್ಟೇ ಕಲಸಬೇಕು. ಗೋಡೆ ಒಳಗೆ ನೆನೆದಿರಬೇಕು, ಮೇಲೆ ನೀರು ನಿಂತಿರಬಾರದು. ಗಡಸು ಬ್ರಷ್‌ನಲ್ಲಿ ಉಜ್ಜಿ ಉಜ್ಜಿ ಹಚ್ಚಿದೆವು, ಬಣ್ಣದಂತೆ ಎಳೆದಲ್ಲ. ಮೊದಲ ಕೋಟ್ ಗಟ್ಟಿಯಾಗಿ ಇನ್ನೂ ಹಸಿಯಿರುವಾಗಲೇ ಎರಡನೆಯದು.

ಕೋಟ್ ಆದ ಮೇಲೆ ಮೂರು ದಿನ, ದಿನಕ್ಕೆ ಮೂರು ಸಲ ಮಂಜಿನಂತೆ ನೀರು ಸಿಂಪಡಿಸಬೇಕು. ಯಜಮಾನರು ಖುಷಿಯಿಂದ ಟೊಮೇಟೊಗೆ ಔಷಧಿ ಹೊಡೆಯುವ ಪಂಪು ಹೊತ್ತು ತಂದರು! ಎದೆ ಝಲ್ಲೆಂದಿತು. ಎಷ್ಟು ತೊಳೆದರೂ ಕೀಟನಾಶಕದ ಅಂಶ ಹೋಗದ ಪಂಪು, ಅದನ್ನು ಕುಡಿಯುವ ನೀರಿನ ತೊಟ್ಟಿಗೆ ಹೊಡೆಯುವುದೆಂದರೆ! ಅಂದೇ ಕೋಲಾರಕ್ಕೆ ಹೋಗಿ ಹೊಸ ಪಂಪು ತಂದೆವು. ಸಿಂಪಡಿಸುವ ಕೆಲಸ ಸೊಸೆ ವಹಿಸಿಕೊಂಡರು. ಒಂದು ಹೊತ್ತೂ ತಪ್ಪಿಸಲಿಲ್ಲ. ಮೂರು ದಿನ ಕಳೆದ ಮೇಲೆ ಹನ್ನೆರಡು ದಿನ ಹಾಗೇ ಬಿಟ್ಟು, ತೊಳೆದು, ಬ್ಲೀಚಿಂಗ್ ಪುಡಿ ಹಾಕಿ ಆ ನೀರು ಚೆಲ್ಲಿ, ಆಮೇಲೆ ಸಂಪು ತುಂಬಿಸಿದೆವು. ಅಲ್ಲಿಯವರೆಗೆ ಮನೆಗೆ ಚಾವಣಿಯ ಪ್ಲಾಸ್ಟಿಕ್ ಟ್ಯಾಂಕೇ ಗತಿ.

ತೇಲುವ ಲೆಕ್ಕ

ನೀರು ಒಳಗೆ ಬರುವುದು ನಿಂತರೆ ಇನ್ನೊಂದು ಅಪಾಯ ಹುಟ್ಟುತ್ತದೆ. ಖಾಲಿ ಸಂಪು ನೀರಿನಲ್ಲಿ ಮುಳುಗಿಸಿದ ಖಾಲಿ ಕೊಡದಂತೆ ಮೇಲೇಳಲು ನೋಡುತ್ತದೆ. ಈ ಸಂಪಿನ ಹೊರ ಅಳತೆ 3.3 ಮೀಟರ್‌ಗೆ 2.7. ತಳದ ಕಾಂಕ್ರೀಟ್ ಹಾಸೂ ಸೇರಿ 1.35 ಮೀಟರ್ ಮುಳುಗಿದಾಗ ಮೇಲೆತ್ತುವ ಒತ್ತಡ 12 ಟನ್. ಸಂಪಿನ ತೂಕ ಗೋಡೆ, ತಳ, ಮೇಲಿನ ಸ್ಲ್ಯಾಬ್ ಎಲ್ಲ ಸೇರಿ ಸುಮಾರು 14.5 ಟನ್. ಸದ್ಯಕ್ಕೆ ಚಿಂತೆಯಿಲ್ಲ. ಆದರೆ ನೆಲದ ನೀರು ಅಂಗಳದ ಮಟ್ಟಕ್ಕೇ ಬಂದರೆ ಒತ್ತಡ 20 ಟನ್ ಆಗುತ್ತದೆ. ಸುತ್ತಲ ಮಣ್ಣಿನ ಹಿಡಿತವೊಂದನ್ನೇ ನಂಬಿ ಕೂರಲು ನಾನು ತಯಾರಿರಲಿಲ್ಲ. ಮುಂಚೆ ಸೋರಿಕೆಯೇ ಒಳಗೆ ನೀರು ತುಂಬಿ ಸಂಪನ್ನು ಕಾಯುತ್ತಿತ್ತು. ಅರ್ಧ ತುಂಬಿದ ಸಂಪಿನಲ್ಲಿ ಏಳೂವರೆ ಟನ್ ನೀರಿರುತ್ತದೆ, ಸಂಪಿನ ತೂಕದ ಜೊತೆ ಸೇರಿ 22 ಟನ್ ಆಗುತ್ತದೆ. ಮುಚ್ಚಳದ ಒಳಬದಿಗೆ ಬಣ್ಣದಲ್ಲಿ ಬರೆಸಿದೆ: "ಬಾವಿ ತುಂಬಿದಾಗ ಸಂಪು ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ."

ಆಮೇಲೆ

ನಲವತ್ತೈದು ದಿನ ಕಳೆದ ಮೇಲೆ ಒಂದು ಸಲ ಖಾಲಿ ಮಾಡಿ ನೋಡಿದೆ. ಬಾವಿಯ ಮಟ್ಟ ಹೆಚ್ಚು ಇಳಿದಿರಲಿಲ್ಲ. ರಾತ್ರಿ ಕಳೆದು ಬೆಳಗ್ಗೆ ನೆಲದಲ್ಲಿ ಅಳೆಯುವಷ್ಟು ನೀರಿರಲಿಲ್ಲ. ಬೋರ್ ಪೈಪ್ ಗೋಡೆ ತೂರಿ ಬರುವ ಬುಡದಲ್ಲಿ ಮಾತ್ರ ಅಂಗೈ ಅಗಲ ತೇವ. ಪ್ಲಾಸ್ಟಿಕ್ ಪೈಪಿಗೂ ಕಾಂಕ್ರೀಟಿಗೂ ನಡುವಿನ ಸಂದಿನಲ್ಲಿ ಹರಳಿಗೆ ಒಂದು ಬದಿಯಲ್ಲಷ್ಟೇ ಹಿಡಿತ, ಬಿಸಿಲಿಗೆ ಪೈಪ್ ಹಿಗ್ಗಿ ಕುಗ್ಗುವಾಗ ಸಂದು ಅಲುಗುತ್ತಲೇ ಇರುತ್ತದೆ. ಅಲುಗುವ ಜಾಗ ಈ ವಿದ್ಯೆಗೆ ಒಗ್ಗುವುದಿಲ್ಲ. ಮತ್ತೆ ಕಳಿಸಿದ ನೀರಿನ ಮಾದರಿಯಲ್ಲಿ ಕೋಲಿಫಾರ್ಮ್ ಇರಲಿಲ್ಲ.

2023ರ ಮುಂಗಾರು ಕೈಕೊಟ್ಟಿತು, ರಾಜ್ಯಕ್ಕೇ ಬರ. ಬಾವಿ ತಳ ಕಂಡಿತು. ನಿಜವಾದ ಪರೀಕ್ಷೆ ಬಂದದ್ದು 2024ರ ಡಿಸೆಂಬರ್ ಮೊದಲ ವಾರ, ಫೆಂಗಲ್ ಚಂಡಮಾರುತದ ಮಳೆ ನಮ್ಮ ಜಿಲ್ಲೆಗೂ ಸುರಿದಾಗ. ಬಾವಿಯ ನೀರು ನಾವು ಕೆಲಸ ಮಾಡಿದಾಗಿನ ಗೆರೆ ದಾಟಿ ಮೇಲೇರಿತು. ಸೊಸೆಯಿಂದ ಫೋನ್ ಬಂತು: "ಸಾರ್, ಮೇಲ್ಗಡೆ ಗೋಡೆ ಒಂದು ಕಡೆ ಬೆವರ್ತಾ ಐತೆ."

ಹೋಗಿ ನೋಡಿದರೆ ಸಂಪಿನ ತಳದಿಂದ 1.4 ಮೀಟರ್ ಎತ್ತರದಲ್ಲಿ ಗೇಣುದ್ದದ ಕೂದಲೆಳೆ ಬಿರುಕು. ಹಿಂದೆ ಹೊರನೀರು ಅಷ್ಟೆತ್ತರಕ್ಕೆ ಏರಿಯೇ ಇರಲಿಲ್ಲ. ಅಲ್ಲಿ ಬಳಿದ ಪುಡಿಗೆ ಎರಡು ವರ್ಷದಲ್ಲಿ ಬೆನ್ನ ಹಿಂದಿನಿಂದ ನೀರು ಮುಟ್ಟಿದ್ದು ಇದೇ ಮೊದಲು. ಕಾರ್ಡ್ ಇಟ್ಟರೆ 0.2. ಏನೂ ಮಾಡಬೇಡಿ, ದಿನಾ ನೋಡಿ ಗುರುತು ಹಾಕಿ ಎಂದು ಹೇಳಿ ಬಂದೆ. ಆಕೆ ಮುಚ್ಚಳದ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೆರೆ ಎಳೆದರು, ಒದ್ದೆ ಎಷ್ಟುದ್ದ ಇದೆ ಎಂಬುದನ್ನು ಗೇಣು, ಬೆರಳಿನ ಲೆಕ್ಕದಲ್ಲಿ ಬರೆಯುತ್ತಿದ್ದರು. ಮೊದಲ ಮೂರು ದಿನ "ಗೇಣು". ನಾಲ್ಕನೆಯ ದಿನ "ಆರು ಬೆರಳು". ಏಳನೆಯ ದಿನ "ಎರಡು". ಒಂಬತ್ತು ಗೆರೆಗಳಾದ ಮೇಲೆ ಹತ್ತನೆಯದರ ಮುಂದೆ "ಒಣಗ್ತು".

ಬಿರುಕಿದ್ದ ಜಾಗದಲ್ಲಿ ದಾರದಂಥ ಬಿಳಿ ಗೆರೆ ನಿಂತಿತ್ತು. ಉಗುರಿನಿಂದ ಕೆರೆದು ಒಂದಿಷ್ಟು ಪುಡಿ ತಂದು ಅಜ್ಜಿಯ ಎದುರಿಗಿಟ್ಟು, ನಿಂಬೆಹಣ್ಣಿನ ರಸ ಹಿಂಡಿದೆ. ಸಣ್ಣಗೆ ನೊರೆ ಎದ್ದಿತು. ಮೇಲ್ಮೈಯಲ್ಲಿ ಕಾಣುವ ಬಿಳಿಯದು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಸುಣ್ಣ ನೀರಿನೊಳಗಿನ ಇಂಗಾಲದ ಡೈ ಆಕ್ಸೈಡಿಗೆ ಸೇರಿ ಆದದ್ದು. ಹರಳುಗಳ ಕೆಲಸ ಒಳಗಡೆ, ಕಣ್ಣಿಗೆ ಕಾಣುವುದಿಲ್ಲ. 0.2ರ ಬಿರುಕಿನಲ್ಲಿ ಕಾಂಕ್ರೀಟಿನ ಸಹಜ ಗುಣವೂ ಪುಡಿಯ ಗುಣವೂ ಒಟ್ಟಿಗೇ ದುಡಿದಿರುತ್ತವೆ, ಪೂರ್ತಿ ಹೆಸರನ್ನು ಪುಡಿಯೊಂದಕ್ಕೇ ಕೊಡುವುದು ಸರಿಯಲ್ಲ ಎಂದೆ. ಅಜ್ಜಿ ಬೆರಳ ತುದಿಯಲ್ಲಿ ಆ ಬಿಳಿ ಪುಡಿ ಮುಟ್ಟಿ, "ಇದು ನನ್ನ ಎಲೆಗೆ ಹಚ್ಚೋ ಸುಣ್ಣಾನೇ ಅಲ್ವೇನಪ್ಪಾ" ಎಂದರು.

ಬಾವಿಯ ಕಸ ತೆಗೆಸಿದ್ದಾರೆ. ಆ ನೀರು ದನಕ್ಕೆ, ತೋಟಕ್ಕೆ. ಸಂಪಿನ ನೀರು ಅಡುಗೆಗೆ, ಕುಡಿಯಲು. ಪೈಪಿನ ಬುಡದ ತೇವ ಮಾತ್ರ ಹೋಗಿಲ್ಲ. ಬೇಸಿಗೆಯಲ್ಲಿ ಆ ಕಿಂಡಿಯನ್ನೇ ಮುಚ್ಚಿ, ಪೈಪನ್ನು ಸ್ಲ್ಯಾಬಿನ ಮೇಲಿನಿಂದ ಇಳಿಸುವುದೆಂದು ಮಾತಾಗಿದೆ.